ಗೊರಕೆಗೊಂದು ಪ್ರಮಾಣಪತ್ರ

ನಮ್ಮ ಚಲನಚಿತ್ರ ಸಂಗ್ರಹಾಲಯದ ನಿಯಮ ಹದಿನಾಲ್ಕರ ಪ್ರಕಾರ, ಸರ್ವಶ್ರೇಷ್ಠ ಚಿತ್ರದ ಪ್ರದರ್ಶನ ನಡೆಯುತ್ತಿರುವಾಗ ನಿದ್ರೆ ಹೋಗುವ ಸಿಬ್ಬಂದಿಯನ್ನು ಮೂವತ್ತು ದಿನಗಳೊಳಗೆ ಕೆಲಸದಿಂದ ತೆಗೆದುಹಾಕತಕ್ಕದ್ದು.

ನಿಯಮ ಒಳ್ಳೆಯದೇ. ಕೆಲಸಕ್ಕೆ ಸೇರಿದ ದಿನ ನಾನೂ ಓದಿ ಸಹಿ ಹಾಕಿದ್ದೆ. ಎಮ್ಮೆ ಈಯುವುದನ್ನು ಕಾಯುತ್ತ ಎರಡು ದಿನ ಕಣ್ಣು ಮುಚ್ಚದೆ ಕೂತವನು ನಾನು. ನಮ್ಮೂರಲ್ಲಿ ಯಾರಾದರೂ ತೂಕಡಿಸಿದರೆ ಇವತ್ತಿಗೂ ನನ್ನ ಉದಾಹರಣೆ ಕೊಟ್ಟು ಬೈಯುತ್ತಾರೆ. ಅಂಥ ನನ್ನನ್ನು ಒಂದು ಸಿನಿಮಾ ಮಲಗಿಸೀತೆಂದು ಯಾರೂ ಊಹಿಸಿರಲಿಲ್ಲ.

ಮಲಗಿಸಿತು.

ಚಿತ್ರದಲ್ಲಿ ಒಬ್ಬ ಮುದುಕಿ ಸೂಜಿಗೆ ದಾರ ಪೋಣಿಸುತ್ತಾಳೆ. ಹತ್ತೊಂಬತ್ತು ನಿಮಿಷ ಪೋಣಿಸುತ್ತಾಳೆ. ಅದಕ್ಕೂ ಮುಂಚೆ ಸೂಜಿ ಹುಡುಕುತ್ತಾಳೆ, ಅದು ಇಪ್ಪತ್ತಾರು ನಿಮಿಷ. ಪ್ರತಿ ತಿಂಗಳ ಕೊನೆಯ ಶನಿವಾರ ಮಧ್ಯಾಹ್ನ, ಊಟವಾದ ಮೇಲೆ, ಇನ್ನೂರ ಹದಿನಾಲ್ಕು ಸಿಬ್ಬಂದಿ ಇದನ್ನು ಕಡ್ಡಾಯವಾಗಿ ನೋಡಿ ಬೆರಗಾಗಬೇಕು. ಸೋಮವಾರ ನನ್ನ ಮೇಜಿನ ಮೇಲೆ ನೋಟೀಸು ಬಂದು ಕೂತಿತ್ತು:

‘ತಾವು ಮೂರನೇ ಸಾಲಿನ ಒಂಬತ್ತನೇ ಕುರ್ಚಿಯಲ್ಲಿ, ಮುದುಕಿಯು ದಾರದ ತುದಿಯನ್ನು ತುಟಿಗಿಟ್ಟ ಹೊತ್ತಿಗೆ, ಗೊರಕೆ ಹೊಡೆದಿರುತ್ತೀರಿ. ಸದರಿ ಗೊರಕೆಯು ಹಿನ್ನೆಲೆ ಸಂಗೀತವಲ್ಲವೆಂದು ಪರಿಣತರ ಸಮಿತಿಯು ಎರಡು ಬಾರಿ ಕೇಳಿ ಖಚಿತಪಡಿಸಿದೆ.’

ನಾನು ರೀಲುಗಳ ಉಗ್ರಾಣ ನೋಡಿಕೊಳ್ಳುವವನು. ನಾನಿಲ್ಲದಿದ್ದರೆ ಆ ಕಟ್ಟಡದ ಬಾಗಿಲೇ ತೆರೆಯುವುದಿಲ್ಲ ಎಂದು ಊರಲ್ಲಿ ಹೇಳಿದ್ದೆ. ಸುಳ್ಳೇನಲ್ಲ, ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ. ಅಮ್ಮ ಅದಕ್ಕೆ ಒಂದಿಷ್ಟು ಸೇರಿಸಿ ಬೀದಿಗೆಲ್ಲ ಹಂಚಿದ್ದಳು. ಈಗ ನಿದ್ದೆ ಮಾಡಿದ್ದಕ್ಕೆ ಕೆಲಸ ಹೋಯಿತು ಎಂದು ಯಾವ ಬಾಯಲ್ಲಿ ಹೇಳಲಿ? ಕಳ್ಳತನ ಮಾಡಿದ್ದರೂ ಒಂದು ಮರ್ಯಾದೆ ಇರುತ್ತಿತ್ತು.

ದಾರಿ ತೋರಿಸಿದವನು ಕಡತ ವಿಭಾಗದ ಗುಮಾಸ್ತ. ಅವನನ್ನು ಎಲ್ಲರೂ ಮೊಹರಣ್ಣ ಅನ್ನುತ್ತಾರೆ. ಮೊಹರು ಒತ್ತಿಸಿಕೊಳ್ಳದ ಕಾಗದವನ್ನು ಅವನು ಕಾಗದವೆಂದೇ ಒಪ್ಪುವುದಿಲ್ಲ.

“ನಿದ್ದೆ ಮಾಡಿದ್ದು ತಪ್ಪಲ್ಲ ತಮ್ಮ,” ಅಂದ. “ಅಭಿಪ್ರಾಯ ಇಲ್ದೆ ನಿದ್ದೆ ಮಾಡಿದ್ಯಲ್ಲ, ಅದು ತಪ್ಪು.”

ಉಪನಿಯಮ ಹೀಗಿತ್ತು: ಚಿತ್ರದ ಬಗ್ಗೆ ಅಲ್ಪಮತದ ಅಭಿಪ್ರಾಯ ಹೊಂದಿರುವುದಾಗಿ ಪ್ರಮಾಣಪತ್ರ ಪಡೆದವರ ನಿದ್ರೆಯನ್ನು ವಿಮರ್ಶೆ ಎಂದು ಪರಿಗಣಿಸತಕ್ಕದ್ದು. ಪ್ರಮಾಣಪತ್ರಕ್ಕೆ ನಮೂನೆ ಏಳು ತುಂಬಬೇಕು. ಒಂದು ಕಡೆ ನಮ್ಮ ಅಭಿಪ್ರಾಯ, ಇನ್ನೊಂದು ಕಡೆ ಅದನ್ನು ವಿರೋಧಿಸುವ ಐದು ಜನರ ಸಹಿ. ಐದು ಜನರಾದರೂ ವಿರೋಧಿಸದಿದ್ದರೆ ಅದು ಅಲ್ಪಮತ ಹೇಗಾದೀತು? ನ್ಯಾಯವಾಗಿಯೇ ಇತ್ತು.

‘ಚಿತ್ರ ಬೇಜಾರು ತರಿಸುತ್ತದೆ’ ಎಂದು ದಪ್ಪಕ್ಷರದಲ್ಲಿ ಬರೆದು, ಎದೆ ಸೆಟೆಸಿಕೊಂಡು ಹೊರಟೆ. ಇಡೀ ಸಂಗ್ರಹಾಲಯವನ್ನು ಎದುರು ಹಾಕಿಕೊಂಡ ಮೊದಲ ಗಂಡಸು ನಾನೇ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ.

ಮೊದಲು ಕಸ ಗುಡಿಸುವ ಅಕ್ಕನ ಹತ್ತಿರ ಹೋದೆ. ಇಪ್ಪತ್ತೆರಡು ವರ್ಷದಿಂದ ಚಿತ್ರ ಮುಗಿದಾಗಲೆಲ್ಲ ಕಣ್ಣೊರೆಸಿಕೊಳ್ಳುವವಳು. ಅವಳು ನಮೂನೆ ಓದಿ, ಅದನ್ನು ವಿರೋಧಿಸಿ ಸುಳ್ಳು ಸಹಿ ಹಾಕಲು ತನ್ನ ಮನಸ್ಸಾಕ್ಷಿ ಒಪ್ಪುವುದಿಲ್ಲ ಅಂದಳು. ಆ ಕಣ್ಣೀರು ಆಕಳಿಸಿ ಬಂದದ್ದಂತೆ. ಆ ಹತ್ತೊಂಬತ್ತು ನಿಮಿಷದ ಮೇಲೆ ಆರುನೂರು ಪುಟದ ಗ್ರಂಥ ಬರೆದ ಪಂಡಿತರು ಬಾಗಿಲು ಹಾಕಿ, ಕಿಟಕಿ ಹಾಕಿ, ತಾವು ಎಂಟನೇ ನಿಮಿಷದಿಂದ ಆಚೆಗೆ ಯಾವತ್ತೂ ನೋಡಿಲ್ಲವೆಂದು ತಿಳಿಸಿದರು. ನೋಡುತ್ತ ಕೂತಿದ್ದರೆ ಬರೆಯುವುದು ಯಾವಾಗ ಎಂದು ನನ್ನನ್ನೇ ಕೇಳಿದರು. ನನ್ನ ಗೊರಕೆ ಪರೀಕ್ಷಿಸಿದ ಪರಿಣತರ ಸಮಿತಿಯವರು, ಎರಡನೇ ಬಾರಿ ಕೇಳಿದ್ದು ಅದು ಇಂಪಾಗಿತ್ತು ಅನ್ನುವ ಕಾರಣಕ್ಕೆ ಅಂದರು.

ಉಳಿದವರು ಆ ಚಿತ್ರ ಮಾಡಿದ ಮಹಾನಿರ್ದೇಶಕರು. ಎಂಬತ್ತೇಳು ವರ್ಷ. ಸಂಗ್ರಹಾಲಯದ ಅಂಗಳದಲ್ಲಿ ಅವರ ಕಂಚಿನ ಪ್ರತಿಮೆಯಿದೆ, ಅದರ ಪಕ್ಕದ ಬೆಂಚಿನ ಮೇಲೆ ಅವರೇ ಇರುತ್ತಾರೆ. ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದರು.

“ಹದಿನೆಂಟು ನಿಮಿಷ ಕತ್ತರಿಸಬೇಕಿತ್ತು ಮರಿ,” ಅಂದರು. “ಆವತ್ತೇ ಯಾರಾದ್ರೂ ಹೇಳ್ತಾರೇನೋ ಅಂತ ಕಾದೆ. ಎಲ್ರೂ ಕಾಲಿಗೆ ಬಿದ್ರು.”

ಎರಡೂವರೆ ವಾರ ಕಳೆಯುವಷ್ಟರಲ್ಲಿ ಲೆಕ್ಕ ತೇಲಿತು: ನನ್ನ ಅಭಿಪ್ರಾಯ ಒಪ್ಪುವವರು ಇನ್ನೂರ ಹದಿಮೂರು ಸಿಬ್ಬಂದಿ ಮತ್ತು ಮಹಾನಿರ್ದೇಶಕರು. ವಿರೋಧ ಸೊನ್ನೆ. ಮೊಹರಣ್ಣ ಅರ್ಜಿಗೆ ‘ತಿರಸ್ಕೃತ’ ಎಂದು ಒತ್ತಿದ.

“ಎಲ್ಲರದ್ದೂ ಇದೇ ಅಭಿಪ್ರಾಯ ಅಂದ್ಮೇಲೆ ಇದಕ್ಕೆ ಯಾಕಪ್ಪ ಪ್ರಮಾಣಪತ್ರ? ಸೂರ್ಯ ಹುಟ್ಟೋದಕ್ಕೆ ಕೊಡ್ತೀವಾ?”

“ಹಂಗಾದ್ರೆ ಅದು ಸರ್ವಶ್ರೇಷ್ಠ ಚಿತ್ರ ಹೆಂಗಾಯ್ತು ಅಣ್ಣ?”

“ಅದು ಬೇರೆ ಕಡತ.”

ಉಳಿದದ್ದು ಹನ್ನೆರಡು ದಿನ. ಇನ್ನೂ ಖಾರವಾದ, ಯಾರೂ ನುಂಗಲಾಗದ ಅಭಿಪ್ರಾಯವೊಂದನ್ನು ತಯಾರಿಸಲೇಬೇಕಿತ್ತು. ಬೀಗದ ಕೈ ನನ್ನದು, ರೀಲು ನನ್ನದು. ಉಗ್ರಾಣದ ಪಕ್ಕದ ಪುಟ್ಟ ಕೋಣೆಯಲ್ಲಿ ಒಬ್ಬನೇ ಕೂತು, ಮೊಣಕಾಲ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಚಿತ್ರ ಹಾಕಿಕೊಂಡೆ. ಮೊದಲ ಸಲ ಹನ್ನೊಂದು ತಪ್ಪು ಬರೆದೆ. ಎರಡನೇ ಸಲ ಅದರಲ್ಲಿ ಆರನ್ನು ಹೊಡೆದು ಹಾಕಿದೆ. ಮೂರನೇ ಸಲ ಮುದುಕಿ ದಾರವನ್ನು ತುಟಿಗಿಟ್ಟಳು. ತಪ್ಪಿತು. ಹೊಸೆದಳು, ಮತ್ತೆ ತಪ್ಪಿತು. ಅವಳ ತೊಡೆಯ ಮೇಲೆ ಗುಂಡಿ ಕಿತ್ತ ಒಂದು ಸಣ್ಣ ಅಂಗಿ ಇತ್ತು. ನಾನು ಅದನ್ನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ಮನೆಯಲ್ಲಿ ಮಗುವಿನ ಸದ್ದೇ ಇರಲಿಲ್ಲ. ಮುದುಕಿಗೆ ಅವಸರವೂ ಇರಲಿಲ್ಲ.

“ಸ್ವಲ್ಪ ಎಡಕ್ಕೆ ಅಜ್ಜಿ,” ಎಂದು ನಾನು ಜೋರಾಗಿ ಹೇಳಿದ್ದು ನನಗೇ ಕೇಳಿಸಿತು. ಕುರ್ಚಿಯ ತುದಿಯಲ್ಲಿದ್ದೆ. ನೋಟ್‌ಬುಕ್ ಕೆಳಗೆ ಬಿದ್ದಿತ್ತು. ಹದಿನೆಂಟು ನಿಮಿಷ ಕತ್ತರಿಸಬೇಕಂತೆ. ನನ್ನನ್ನು ಕೇಳಿದರೆ ಇನ್ನೊಂದೆರಡು ನಿಮಿಷ ಸೇರಿಸಬೇಕಿತ್ತು.

ಹೊಸ ನಮೂನೆಯಲ್ಲಿ ನಿಜವನ್ನೇ ಬರೆದೆ: ‘ಚಿತ್ರ ಚೆನ್ನಾಗಿದೆ.’

ಕಾಗದ ಕೈಯಿಂದ ಕೈಗೆ ಹಾರಿತು. ಸಹಿ ಹಾಕಲು ಕಾರಿಡಾರಿನಲ್ಲಿ ಸಾಲು ನಿಂತಿತು. ಮಧ್ಯಾಹ್ನದೊಳಗೆ ಇನ್ನೂರ ಹದಿಮೂರು ವಿರೋಧ. ಪಂಡಿತರು ಅಡಿಟಿಪ್ಪಣಿ ಸಮೇತ ವಿರೋಧಿಸಿದರು. ಕಸ ಗುಡಿಸುವ ಅಕ್ಕ, ಊರಿಗೆ ಹೋಗಿ ಯಾರಿಗಾದರೂ ಕಣ್ಣು ತೋರಿಸು ಅಂದಳು. ಮಹಾನಿರ್ದೇಶಕರು ಮಾತ್ರ ನನ್ನ ತೋಳು ಹಿಡಿದು, ನಿಜವಾಗಿಯೂ ಇಷ್ಟವಾಯಿತೇ ಎಂದು ಮೂರು ಸಲ ಕೇಳಿದರು. ಮೂರು ಸಲವೂ ಹೌದೆಂದೆ. ನೆಮ್ಮದಿಯಿಂದ ನಕ್ಕು, ವಿರೋಧಕ್ಕೆ ಸಹಿ ಹಾಕಿದರು.

ಯಾವ ಅಭಿಪ್ರಾಯವೆಂದು ನಿಯಮ ಕೇಳುವುದಿಲ್ಲ, ಅಲ್ಪಮತವೋ ಅಲ್ಲವೋ ಅಷ್ಟೇ ಕೇಳುತ್ತದೆ. ಮೊಹರಣ್ಣ ಮೂರು ಮೊಹರು ಒತ್ತಿದ. ಈ ಸಂಗ್ರಹಾಲಯದ ಇತಿಹಾಸದಲ್ಲೇ ಅಂಥ ಪ್ರಮಾಣಪತ್ರ ಪಡೆದವನು ನಾನೊಬ್ಬನೇ. ಕೆಲಸ ಉಳಿಯಿತು. ಅಮ್ಮನಿಗೆ ಅದರ ಪ್ರತಿ ಕಳಿಸಿದೆ. ಗೋಡೆಗೆ ಹಾಕಿದ್ದಾಳಂತೆ.

ತಿಂಗಳ ಕೊನೆಯ ಶನಿವಾರ ಎಲ್ಲರಿಗಿಂತ ಮುಂಚೆ ಹೋಗಿ ಮೊದಲ ಸಾಲಿನಲ್ಲಿ ಕೂತೆ. ದೀಪ ಆರಿತು, ಮುದುಕಿ ಸೂಜಿ ಹುಡುಕಿದಳು, ಸಿಕ್ಕಿತು, ದಾರ ಎತ್ತಿಕೊಂಡಳು. ಆಗ ನನ್ನ ಮುಖದ ಮೇಲೆ ಟಾರ್ಚಿನ ಬೆಳಕು ಬಿತ್ತು. ಮೇಲ್ವಿಚಾರಕಿ ಮೇಡಂ ಒಂದು ದಿಂಬು ಹಿಡಿದು ನಿಂತಿದ್ದರು.

“ನಿಮ್ಮ ಕಣ್ಣು ತೆರೆದಿದೆ,” ಅಂದರು.

“ಇದೊಂದು ದೃಶ್ಯ ಮೇಡಂ. ಆಮೇಲೆ ಮಲಗ್ತೀನಿ.”

“ಇನ್ನೂರ ಹದಿಮೂರು ಜನ ಸಹಿ ಹಾಕಿ ನಿಮಗೆ ನಿದ್ದೆ ಕೊಡಿಸಿದಾರೆ. ಪ್ರಮಾಣಪತ್ರ ಇಟ್ಕೊಂಡು ಎಚ್ಚರ ಇದ್ರೆ ಅದು ಸುಳ್ಳು ದಾಖಲೆ ಆಗುತ್ತೆ. ಕೆಲಸ ಬೇಕೋ ಬೇಡ್ವೋ?”

ಬೇಕಿತ್ತು. ದಿಂಬು ತೆಗೆದುಕೊಂಡೆ. ಕಣ್ಣು ಮುಚ್ಚಿ, ಎರಡು ದಿನ ಎಚ್ಚರವಿದ್ದವನ ಎಲ್ಲ ಅನುಭವ ಬಳಸಿ, ಗೊರಕೆ ಶುರು ಮಾಡಿದೆ. ಹಿಂದಿನ ಸಾಲುಗಳಲ್ಲಿ ಉಳಿದ ಇನ್ನೂರ ಹನ್ನೆರಡು ಜನ ನೆಟ್ಟಗೆ ಕೂತು, ಕಣ್ಣು ಬಿಟ್ಟುಕೊಂಡು, ತಮ್ಮ ತಮ್ಮ ಕೈಗಡಿಯಾರ ನೋಡುತ್ತಿದ್ದರಂತೆ. ಮೇಡಂ ನನ್ನ ರೆಪ್ಪೆಗಳನ್ನೇ ಕಾಯುತ್ತಿದ್ದರು. ಮಹಾನಿರ್ದೇಶಕರು ಬಾಗಿಲ ಬಳಿ ಬೆನ್ನು ತಿರುಗಿಸಿ ನಿಂತಿದ್ದರಂತೆ. ಹೀಗಾಗಿ ದಾರ ಸೂಜಿಯೊಳಗೆ ಹೋದದ್ದನ್ನು ಆ ಹಾಲಿನಲ್ಲಿ ಯಾರೂ ನೋಡಲಿಲ್ಲ.

ಚಪ್ಪಾಳೆ ಮಾತ್ರ ಸರಿಯಾದ ಹೊತ್ತಿಗೆ ಬಿತ್ತು. ಅದಕ್ಕೆ ಗಂಟೆ ಬಾರಿಸುವ ವ್ಯವಸ್ಥೆ ಇದೆ. ಹನ್ನೊಂದು ನಿಮಿಷದ ನಂತರ ಮೇಡಂ ನನ್ನನ್ನು ಎಬ್ಬಿಸಿ, ನನ್ನ ವಿಮರ್ಶೆ ಈ ಸಲ ಹೋದ ಸಲಕ್ಕಿಂತ ಆಳವಾಗಿತ್ತು ಎಂದು ದಾಖಲಿಸಿಕೊಂಡು ದಿಂಬು ವಾಪಸ್ ಪಡೆದರು.