ಸ್ವಿಚ್‌ಬೋರ್ಡಿನ ಗುಂಯ್ ಸದ್ದಿಗೆ ಪಿಟೀಲು ಶ್ರುತಿ ಮಾಡಿದವನ ದೂರು

ನನ್ನ ಕೆಲಸದ ಕೋಣೆಯ ಗೋಡೆಯಿಂದ ಕಳೆದ ವಾರ ನಿವೃತ್ತರಾಗಿ, ಸದ್ಯ ರಟ್ಟಿನ ಪೆಟ್ಟಿಗೆಯೊಂದರಲ್ಲಿ ವಿಶ್ರಾಂತಿ ಪಡೆಯುತ್ತಿರುವ ಸ್ವಿಚ್‌ಬೋರ್ಡ್ ಮಹಾಶಯರ ಸನ್ನಿಧಿಗೆ, ಚೆನ್ನಾಗಿ ಒರೆಸಿಕೊಂಡ ಒಣ ಕೈಗಳಿಂದ ಮಾಡುವ ನಮಸ್ಕಾರಗಳು.

ಮಾನ್ಯರೇ,

ಹನ್ನೊಂದು ವರ್ಷ ತಾವು ನನಗೆ ಬೆಳಕು, ಗಾಳಿ ಒದಗಿಸಿದ್ದಕ್ಕೆ ಋಣಿಯಾಗಿದ್ದೇನೆ. ಆದರೆ ಕೊನೆಯ ಎರಡು ತಿಂಗಳು ತಾವು ನಡೆದುಕೊಂಡ ರೀತಿ ಸಭ್ಯರಿಗೆ ತಕ್ಕದ್ದಲ್ಲವೆಂದು ವಿನಯದಿಂದ ದೂರುತ್ತೇನೆ. ಹುಷಾರಿಲ್ಲದವರು ಹುಷಾರಿಲ್ಲವೆಂದು ಬಾಯಿಬಿಟ್ಟು ಹೇಳಬೇಕೇ ಹೊರತು ಗುಂಯ್‌ಗುಟ್ಟುವುದು, ದೀಪ ಮಿಣುಕಿಸುವುದು, ವಾಸನೆ ಬೀರುವುದು ಮುಂತಾದ ಒಗಟುಗಳಲ್ಲಿ ಮಾತಾಡಿದರೆ ನನ್ನಂಥ ಬುದ್ಧಿವಂತನಿಗೆ ಅರ್ಥವಾಗುವುದಾದರೂ ಹೇಗೆ?

ಈ ಪತ್ರ ಬಹಿರಂಗವಾದ್ದರಿಂದ ಓದುವವರಿಗೆ ನನ್ನ ಪರಿಚಯ ಹೇಳಬೇಕು. ನಾನು ಪಿಟೀಲು ರಿಪೇರಿಯವನು. ತಂತಿ ಕೂದಲೆಳೆಯಷ್ಟು ಇಳಿದರೂ ನನ್ನ ಕಿವಿಗೆ ಗೊತ್ತಾಗುತ್ತದೆಂದು ನಾನೇ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಈ ಕಿವಿಗಾಗಿ ನಮ್ಮ ವೃತ್ತಿಯವರ ಸಂಘ ಕೊಟ್ಟ ಪ್ರಶಸ್ತಿಪತ್ರವೂ ನನ್ನಲ್ಲಿತ್ತು. ಹೀಗಾಗಿ ತಾವು ಮೊದಲ ಸಲ ಗುಂಯ್‌ಗುಟ್ಟಿದಾಗ ಕೇಳಿಸಿಕೊಂಡವನು ನಾನೇ. ಕೇಳಿ, ಶ್ರುತಿ ಸ್ಥಿರವಾಗಿದೆಯೆಂದು ಮೆಚ್ಚಿ, ಗಿರಾಕಿಯೊಬ್ಬರ ಪಿಟೀಲನ್ನು ಅದಕ್ಕೇ ಕೂಡಿಸಿ ಕಳಿಸಿದೆ.

ಅಂಟು ಕರಗಿಸುವ ಹೀಟರು, ಕರೆಂಟಿನಿಂದ ಕಾದು ಮರ ಬಗ್ಗಿಸುವ ಕಬ್ಬಿಣದ ಕೊಳವೆ, ಫ್ಯಾನು, ಎರಡು ದೀಪ, ಇಷ್ಟನ್ನೂ ತಮ್ಮ ಒಂದೇ ಸಾಕೆಟ್ಟಿಗೆ ಎಕ್ಸ್‌ಟೆನ್ಷನ್ ಬಾಕ್ಸಿನಿಂದ ನೇತುಹಾಕಿದ್ದೆ. ಫ್ಯೂಸು ಮೂರು ಸಲ ಹೋಯಿತು. ಇದೆಂಥ ಮೈಗಳ್ಳ ಫ್ಯೂಸು ಎಂದು ರೇಗಿ, ನಾಲ್ಕನೆಯ ಸಲ ಪಿಟೀಲಿನ ಉಕ್ಕಿನ ತಂತಿಯನ್ನೇ ತುಂಡರಿಸಿ ಸುತ್ತಿದೆ. ಆಮೇಲೆ ಅದು ಒಮ್ಮೆಯೂ ಹೋಗಲಿಲ್ಲ. ನನ್ನ ಕೈಚಳಕಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಸಾಕೆಟ್ಟಿನ ಸುತ್ತ ಕಂದು ಕಲೆ ಮೂಡಿ ನೋಡುವವರಿಗೆ ಅಸಹ್ಯವಾಗತೊಡಗಿದಾಗ ಅದರ ಮೇಲೆ ಪ್ರಶಸ್ತಿಪತ್ರವನ್ನು ತೂಗುಹಾಕಿದೆ. ತಮಗೆ ಇದಕ್ಕಿಂತ ದೊಡ್ಡ ಸನ್ಮಾನ ಬೇರೆ ಯಾರು ಮಾಡಿಯಾರು?

ನನ್ನ ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ದುಡಿದು ಕಿವಿ ಕಳೆದುಕೊಂಡವಳು. ತಮ್ಮ ಸಂಗೀತ ಆಕೆಗೆ ಕೇಳಿಸುವಂತಿರಲಿಲ್ಲ. ಆದರೂ ಎರಡು ಸಲ ಬಾಗಿಲಲ್ಲಿ ನಿಂತು, "ಏನೋ ಇದು, ಮೀನು ಕೆಟ್ಟ ವಾಸನೆ? ವೈರು ಸುಡ್ತಿದೆ, ಯಾರನ್ನಾದ್ರೂ ಕರೆಸು," ಎಂದಳು. "ಅದು ಅಂಟಿನ ವಾಸನೆ ಕಣಮ್ಮಾ, ನಿಂಗೊತ್ತಾಗಲ್ಲ," ಎಂದು ಆಕೆಯ ಕಿವಿಯ ಬಳಿ ಕೂಗಿದೆ. ಗೊತ್ತಾಗದವನು ಯಾರೆಂದು ತಾವು ಆಗಲೇ ಹೇಳಬಹುದಿತ್ತು.

ಕಳೆದ ಮಂಗಳವಾರ ಮಧ್ಯಾಹ್ನ ಅಮ್ಮ ಕೆಲಸದ ಕೋಣೆಯ ಕುರ್ಚಿಯಲ್ಲಿ ಕಂಬಳಿ ಹೊದ್ದು ತೂಕಡಿಸುತ್ತಿದ್ದಳು. ನಾನು ಹೊರಗೆ ಗಿರಾಕಿಯೊಬ್ಬರಿಗೆ ಕಿವಿಯನ್ನು ಹೇಗೆ ಪಳಗಿಸಬೇಕೆಂದು ಉಪದೇಶಿಸುತ್ತಿದ್ದೆ. ಒಳಗಿನಿಂದ ಟಪ್ ಎಂದಿತು. "ಮರ ಒಣಗೋ ಸದ್ದು," ಎಂದು ವಿವರಿಸಿದೆ. ಮರು ಗಳಿಗೆ ಅಮ್ಮ ಕೂಗಿದಳು.

ಓಡಿಹೋಗಿ ನೋಡಿದರೆ ಪ್ರಶಸ್ತಿಪತ್ರ ಉರಿಯುತ್ತ ಕಳಚಿ, ಮರ ಹೆರೆದ ಸಿಪ್ಪೆಗಳ ರಾಶಿಯ ಮೇಲೆ ಬಿದ್ದಿತ್ತು. ಎರಡಡಿ ಆಚೆ ವಾರ್ನಿಷ್ ಡಬ್ಬ. ನಾನು ಬಚ್ಚಲಿನಿಂದ ಬಕೆಟ್ ಹೊತ್ತು ತಂದೆ. "ನೀರು ಹಾಕ್ಬೇಡ! ಕೆಳಗಿಡು ಅದನ್ನ! ಮೇನ್ ಆಫ್ ಮಾಡು!" ಎಂದು ಅಮ್ಮ ಕಿರುಚಿದಳು. ಮೇನ್ ಸ್ವಿಚ್ ಎಲ್ಲಿದೆಯೆಂದು ನನಗೆ ಹೊಳೆಯಲೇ ಇಲ್ಲ. ಆಕೆಯೇ ನನ್ನನ್ನು ಪಕ್ಕಕ್ಕೆ ತಳ್ಳಿ, ನಡುಮನೆಯಲ್ಲಿ ನಾನು ಅದರ ಮೇಲೆ ನೇತುಹಾಕಿದ್ದ ಕೋಟುಗಳನ್ನು ಕಿತ್ತೆಸೆದು ಆಫ್ ಮಾಡಿದಳು. ಮರಳಿ ಬಂದು ಕಂಬಳಿಯನ್ನು ಬೆಂಕಿಯ ಮೇಲೆ ಕವುಚಿ ಎರಡೂ ಕೈಯಿಂದ ಅದುಮಿದಳು. ನಾನು ತಂದ ಬಕೆಟ್ಟೂ ಕಡೆಗೆ ಉಪಯೋಗಕ್ಕೆ ಬಂತು: ಗುಳ್ಳೆ ಎದ್ದ ಆಕೆಯ ಎಡಗೈ ಅದ್ದಿಡಲು. ಆ ಕೈಯನ್ನು ನೀರಿನಲ್ಲಿ ಹಿಡಿದುಕೊಂಡೇ, ಅಮ್ಮ ಎರಡು ಸಲ ಹೇಳಿದ್ದ ಫೋನನ್ನು ಕೊನೆಗೂ ಮಾಡಿದೆ.

ಸಂಜೆಯೊಳಗೆ ಬಂದ ಎಲೆಕ್ಟ್ರಿಷಿಯನ್ ಹೆಂಗಸು ತಮ್ಮನ್ನು ಬಿಚ್ಚಿ, ಇದ್ದಿಲಾದ ವೈರನ್ನು ತೋರಿಸಿ, "ಸ್ಕ್ರೂ ಲೂಸಾಗಿದೆ ಸಾರ್," ಎಂದರು, ನನ್ನನ್ನೇ ನೋಡುತ್ತ. ಉಕ್ಕಿನ ತಂತಿಯನ್ನು ಎತ್ತಿ ಹಿಡಿದು, "ಫ್ಯೂಸ್ ಇರೋದೇ ಹೋಗೋಕೆ. ಅದು ಹೋಗ್ಲಿಲ್ಲ ಅಂದ್ರೆ ಮನೆ ಹೋಗುತ್ತೆ," ಎಂದರು. ಬಿಸಿ, ಸದ್ದು, ವಾಸನೆ, ಕಲೆ ಇವುಗಳಲ್ಲಿ ಒಂದು ಕಂಡರೂ ಮೇನ್ ಆಫ್ ಮಾಡಿ ಫೋನ್ ಮಾಡಬೇಕಂತೆ. ನಾನು ನಾಲ್ಕೂ ಪೂರ್ತಿಯಾಗಲೆಂದು ಕಾದಿದ್ದೆ.

ಆದ್ದರಿಂದ ತಮ್ಮ ಉತ್ತರಾಧಿಕಾರಿಗಳಿಗೆ ದಯವಿಟ್ಟು ತಿಳಿಸಿ: ಬಿಸಿಯಾಗುವ ಏಳು ದಿನ ಮುಂಚೆ ಮೂರು ಪ್ರತಿಗಳಲ್ಲಿ ಲಿಖಿತ ನೋಟಿಸು ಕೊಡತಕ್ಕದ್ದು, ಎಲ್ಲವನ್ನೂ ಅಮ್ಮನ ಕೈಗೇ ಕೊಡತಕ್ಕದ್ದು, ಗುಂಯ್‌ಗುಡಲೇಬೇಕಾದರೆ ಅಪಸ್ವರದಲ್ಲಿ ಗುಂಯ್‌ಗುಡತಕ್ಕದ್ದು.

ಇಂತಿ,
ಎಲ್ಲವನ್ನೂ ಕೇಳಿಯೂ ಒಂದನ್ನೂ ಕಿವಿಗೆ ಹಾಕಿಕೊಳ್ಳದ
ತಮ್ಮ ವಿಶ್ವಾಸಿ

ಮರೆತ ಮಾತು: ಅಮ್ಮ ಈಗ ದಿನಾ ಬೆಳಿಗ್ಗೆ ಹೊಸ ಬೋರ್ಡಿನ ಮುಚ್ಚಳಕ್ಕೆ ಬಲಗೈಯ ಹಿಂಬದಿ ತಾಗಿಸಿ ನೋಡುತ್ತಾಳೆ. ಆಮೇಲೆ ಅದೇ ಕೈಯನ್ನು ನನ್ನ ಹಣೆಗೂ ಇಡುತ್ತಾಳೆ. ಇಬ್ಬರಲ್ಲಿ ಯಾರನ್ನು ಬದಲಾಯಿಸಬೇಕಿತ್ತು ಎಂಬುದು ಆಕೆಗೆ ಇನ್ನೂ ಖಾತ್ರಿಯಿಲ್ಲವಂತೆ.