ಮೂರೂವರೆ ಅಡಿಯಲ್ಲಿ ಆರು ಆಸನಗಳು

ಮೊದಲಿಗೆ ಒಂದು ಕ್ಷಮಾಪಣೆ. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಆದ್ದರಿಂದ ಈ ಬರಹದ ತಪ್ಪುಗಳನ್ನು ತಿದ್ದಿಕೊಡುವವರು ಮನೆಯಲ್ಲಿ ಯಾರೂ ಇಲ್ಲ. ನೆರೆಹೊರೆಯಲ್ಲಿ ಇರಬಹುದು, ಆದರೆ ಅವರು ನಮ್ಮ ಮನೆಗೆ ಬರುವುದಿಲ್ಲ. ಅವರನ್ನು ಬರಮಾಡಿಕೊಳ್ಳಲು ನಾನು ಕೈಗೊಂಡ ಕಾಮಗಾರಿಯ ವಿವರವೇ ಈ ಬರಹ.

ಹರಿಹರದಲ್ಲಿ ರೈಲ್ವೆ ನಿಲ್ದಾಣದ ಹಿಂದಿನ ವಠಾರದಲ್ಲಿದ್ದಾಗ ನಮ್ಮ ಒಂದೇ ಕೋಣೆಯಲ್ಲಿ ಸದಾ ನಾಲ್ಕು ಜನ ಇರುತ್ತಿದ್ದರು. ಅವರಲ್ಲಿ ಇಬ್ಬರು ಯಾರೆಂದು ನನಗೇ ಗೊತ್ತಿರುತ್ತಿರಲಿಲ್ಲ! ಆವರಗೆರೆಯ ಹೊಸ ಬಡಾವಣೆಯಲ್ಲಿ ಸ್ವಂತ ಮನೆ ಕಟ್ಟಿಸಿ ಬಂದ ಮೇಲೆ ಎಲ್ಲವೂ ಶಾಂತ. ಪತಿ ನಾಗರಾಜ್ ಅವರಿಗೆ ಆಗ ಹರಿಹರದ ಕಾರ್ಖಾನೆಯಲ್ಲಿ ಎರಡನೇ ಪಾಳಿ. ಅವರು ಬರುವ ಹೊತ್ತಿಗೆ ನಾನು ಮಲಗಿರುತ್ತಿದ್ದೆ, ನಾನು ಕೆಲಸ ಮುಗಿಸುವ ಹೊತ್ತಿಗೆ ಅವರು ಹೊರಟಿರುತ್ತಿದ್ದರು. ಹನ್ನೊಂದು ತಿಂಗಳಲ್ಲಿ ಮನೆಗೆ ತಪ್ಪದೆ ಬಂದವರೆಂದರೆ ವಿದ್ಯುತ್ ಮೀಟರ್ ಓದುವವರು. ಅವರೂ ಗೇಟಿನಾಚೆಯಿಂದಲೇ ಓದುತ್ತಿದ್ದರು. ದೃಷ್ಟಿ ಬಹಳ ಚುರುಕು!

ಜನರು ಬರದಿರಲು ಕಾರಣ, ಬಂದವರಿಗೆ ಕುಳಿತುಕೊಳ್ಳಲು ಸೂಕ್ತ ಸ್ಥಳವಿಲ್ಲದಿರುವುದು ಎಂದು ನಾನು ತೀರ್ಮಾನಿಸಿದೆ. ಮನೆಯ ಗೋಡೆಗೂ ಕಾಂಪೌಂಡಿಗೂ ನಡುವೆ ಮೂರೂವರೆ ಅಡಿ ಅಗಲ, ಮೂವತ್ತು ಅಡಿ ಉದ್ದದ ಓಣಿಯಂಥ ಜಾಗ ಖಾಲಿ ಬಿದ್ದಿತ್ತು. ಮೊಬೈಲಿನಲ್ಲಿ ಇಂಥ ಜಾಗಗಳ ಚಿತ್ರ ನೋಡಿ, ಕಾಗದದ ಮೇಲೆ ಸ್ಕೇಲು ಹಿಡಿದು ನಕ್ಷೆ ಬರೆದೆ. ಕಾಂಪೌಂಡಿನ ಉದ್ದಕ್ಕೂ ಮಲ್ಲಿಗೆ, ದೊಡ್ಡಪತ್ರೆಯ ಕುಂಡಗಳು. ಉಳಿದ ಎರಡೂವರೆ ಅಡಿಯಲ್ಲಿ ಆರು ಕಲ್ಲಿನ ಆಸನಗಳು, ಬೆನ್ನಿಗೆ ಒರಗು ಸಹಿತ.

ಗಾರೆ ಕೆಲಸದ ಬಸಣ್ಣ ನಕ್ಷೆಯನ್ನು ಉಲ್ಟಾ ಹಿಡಿದು ನೋಡಿದರು, ಸರಿಯಾಗಿ ಹಿಡಿದೂ ನೋಡಿದರು.

"ಮೇಡಮ್ಮಾರೆ, ಕುಂಡದ ಕಡೀಗೆ ಮಕ ಮಾಡಿ ಕುಂತ್ರೆ ಮಣಕಾಲು ಎಲ್ಲಿ ಇಡ್ತಾರ್ರಿ?"

ಯೋಗ್ಯವಾದ ಪ್ರಶ್ನೆ! ನಾನು ಸ್ಥಳದಲ್ಲಿಯೇ ತಿದ್ದುಪಡಿ ಹೊರಡಿಸಿದೆ: ಆರೂ ಆಸನಗಳು ರಸ್ತೆಯತ್ತ ಮುಖ ಮಾಡಿರತಕ್ಕದ್ದು.

"ಒಬ್ರ ಹಿಂದ ಒಬ್ರಾ?"

"ಹೌದು. ಗಟ್ಟಿಯಾಗಿ ಸಿಮೆಂಟ್ ಹಾಕಿ."

"ಹಾಕ್ತೀನ್ರಿ. ನಂದೇನೈತೆ!" ಎಂದು ಬಸಣ್ಣ ಕರಣೆ ಎತ್ತಿದರು.

ಕಾಮಗಾರಿ ಮುಗಿದ ಮೇಲೆ ಐದು ಮನೆಗಳಿಗೆ ಕೈಬರಹದ ಪತ್ರ ತಲುಪಿಸಿದೆ. "ಮಾನ್ಯರೇ, ಬರುವ ಭಾನುವಾರ ಸಂಜೆ ನಾಲ್ಕು ಗಂಟೆಗೆ ನಮ್ಮ ಮನೆಯ ಪಾರ್ಶ್ವಾಂಗಳದಲ್ಲಿ ಏರ್ಪಡಿಸಿರುವ ಸೌಹಾರ್ದ ಕೂಟಕ್ಕೆ ತಾವು ದಯಮಾಡಿ ಆಗಮಿಸಬೇಕಾಗಿ ವಿನಂತಿ." ಪಕ್ಕದ ಮನೆಯ ಗಿರಿಜಮ್ಮನವರು ಪತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು ಕೇಳಿದರು.

"ಏನವ್ವಾ ಇದು, ಕೋರ್ಟ್ ನೋಟೀಸಾ? ಬಾಯಾಗ ಕರದಿದ್ರೆ ಬರ್ತಿರ್ಲಿಲ್ಲೇನು?"

ಆ ವಿಧಾನ ನನಗೆ ಹೊಳೆದಿರಲಿಲ್ಲ!

ಭಾನುವಾರ ಐವರೂ ಬಂದರು. ಕುಂಡಕ್ಕೂ ಆಸನಕ್ಕೂ ನಡುವೆ ಅಡ್ಡಡ್ಡಲಾಗಿ ಸರಿದು, ಮೊದಲು ಬಂದವರು ಒಳಗಿನ ಆಸನಕ್ಕೂ ಕೊನೆಗೆ ಬಂದ ಗಿರಿಜಮ್ಮನವರು ರಸ್ತೆಯ ಬದಿಯ ಆಸನಕ್ಕೂ ಸೇರಿದರು. ಅತ್ತ ಹಿಂದಿನ ಅಡುಗೆಮನೆಯ ಬಾಗಿಲಿನಿಂದ ನಾನು ಮಂಡಕ್ಕಿ, ಮಿರ್ಚಿ ತುಂಬಿದ ತಟ್ಟೆಯೊಂದಿಗೆ ಹೊರಟೆ. ಬಾಗಿಲು ನನಗೆಂದು ಬಿಟ್ಟಿದ್ದ ಕೊನೆಯ ಆರನೇ ಆಸನಕ್ಕೆ ತಾಗಿ ಅರ್ಧಕ್ಕೇ ನಿಂತಿತು. ನಾನು ಬಂದೆ, ಮಂಡಕ್ಕಿ ಅರ್ಧ ಬಂತು.

ಆರನೇ ಆಸನದಲ್ಲಿ ಕುಳಿತು ತಲೆಯೆತ್ತಿದೆ. ನನ್ನ ಮುಂದೆ ಐದು ತುರುಬುಗಳಿದ್ದವು!

ಮಾತಿನ ವಿಷಯಗಳನ್ನು ಮೊದಲೇ ಚೀಟಿಯಲ್ಲಿ ಬರೆದುಕೊಂಡಿದ್ದೆ. ತುರುಬಿನೊಡನೆ ಮಾತು ಆರಂಭಿಸುವುದು ಹೇಗೆಂದು ಬರೆದುಕೊಂಡಿರಲಿಲ್ಲ. ತಟ್ಟೆಯನ್ನು ಮುಂದಕ್ಕೆ ದಾಟಿಸಿದೆ. ಪ್ರತಿಯೊಬ್ಬರೂ ಕತ್ತು ಹಿಂತಿರುಗಿಸಿ, ತಮ್ಮ ಪಾಲು ತೆಗೆದುಕೊಂಡು, ಮುಂದಿನವರ ಹೆಗಲು ತಟ್ಟಿ ಕೊಟ್ಟರು. ಗಿರಿಜಮ್ಮನವರಿಗೆ ತಲುಪಿದ್ದು ತಟ್ಟೆ ಮಾತ್ರ!

"ಕಂಡಕ್ಟರಮ್ಮಾ," ಎಂದು ಅವರು ಅಲ್ಲಿಂದಲೇ ಕೂಗಿದರು, "ಹರಿಹರಕ್ಕೆ ಒಂದು ಟಿಕೇಟ್ ಕೊಡ್ರೀ!"

ತುರುಬುಗಳೆಲ್ಲ ಅಲುಗಾಡಿದವು. ನಕ್ಕರೆಂದು ಊಹಿಸಿ ನಾನೂ ನಕ್ಕೆ. ಅಷ್ಟರಲ್ಲಿ ನನ್ನ ಮುಂದಿನ ಆಸನದವರು ಎದ್ದರು.

"ಅಯ್ಯೋ ಯವ್ವಾ, ಒಲಿ ಮ್ಯಾಲೆ ಹಾಲಿಟ್ಟು ಬಂದೀನಿ! ಏಳ್ರಿ, ಏಳ್ರಿ!"

ಅವರು ಹೊರಗೆ ಹೋಗಬೇಕಾದರೆ ಮುಂದಿನ ನಾಲ್ವರೂ ಏಳಬೇಕು. ಎದ್ದರು. ಎದ್ದು ಗೇಟಿನವರೆಗೆ ಹೋದ ಮೇಲೆ, ಮತ್ತೆ ಅಡ್ಡಡ್ಡಲಾಗಿ ಒಳಗೆ ಸರಿಯುವ ಉತ್ಸಾಹ ಯಾರಲ್ಲೂ ಉಳಿದಿರಲಿಲ್ಲ. ತಮ್ಮ ಊರಾದ ಕುಕ್ಕುವಾಡದಿಂದ ಅಕ್ಕಿ ಚೀಲ ಹೊತ್ತು ಬಂದ ನಮ್ಮ ಯಜಮಾನರು ಅಲ್ಲಿ ಸಾಲಾಗಿ ನಿಂತ ಹೆಂಗಸರನ್ನು ಕಂಡು ಗಾಬರಿಯಿಂದ ಕೇಳಿದರು.

"ಯಾಕ್ರವ್ವಾ, ನೀರಿನ ಟ್ಯಾಂಕರ್ ಬರ್ತೈತೇನು?"

ಸೌಹಾರ್ದ ಕೂಟವು ಹನ್ನೆರಡು ನಿಮಿಷಗಳಲ್ಲಿ ಯಶಸ್ವಿಯಾಗಿ ಮುಕ್ತಾಯಗೊಂಡಿತು.

ಎಲ್ಲರೂ ಹೋದ ಮೇಲೆ ಯಜಮಾನರು ಮೊದಲನೇ ಆಸನದಲ್ಲಿ ಕುಳಿತು ಬೆವರು ಒರೆಸಿಕೊಂಡರು. ನಾನು ಹಿಂದೆ ಬಿದ್ದ ಮಂಡಕ್ಕಿ ಆರಿಸುತ್ತಿದ್ದೆ.

"ಅಲ್ಲಾ, ಮಂದೀನ ಕರಿಯಾಕ ಮುಂಚೆ ನೀನು ಕುಂತು ನೋಡ್ಲಿಲ್ಲೇನು?"

"ನೋಡಿದ್ದೆ. ಆರರಲ್ಲೂ ಒಂದೊಂದು ಸಲ ಕುಳಿತಿದ್ದೆ. ಎಲ್ಲವೂ ಅನುಕೂಲವಾಗಿದ್ದವು."

"ಯಾರ ಜೊತೀಗೆ?"

ನಾನು ಆಸನದಡಿಯ ಮಂಡಕ್ಕಿಗೆ ಕೈ ಚಾಚಿದೆ. ಅವರು ನಗುತ್ತಾರೆಂದುಕೊಂಡೆ. ನಗಲಿಲ್ಲ. ಹಿಂತಿರುಗದೆ ರಸ್ತೆಯತ್ತಲೇ ನೋಡುತ್ತಾ, "ಮಂಡಕ್ಕಿ ಉಳದಾವೇನು?" ಎಂದರು.

ಆಸನಗಳನ್ನು ಕೀಳಲು ಬಂದ ಬಸಣ್ಣ ಒಂದು ದಿನ ಪೂರ್ತಿ ಹೋರಾಡಿ, ತಮ್ಮ ಕೆಲಸವನ್ನು ತಾವೇ ಮೆಚ್ಚಿಕೊಂಡು ಮರಳಿದರು. ಈಗ ಅವುಗಳ ಮೇಲೆ ಕೆಂಪು ಮೆಣಸಿನಕಾಯಿ ಒಣಗುತ್ತದೆ. ಗಿರಿಜಮ್ಮನವರು ವಾರಕ್ಕೊಮ್ಮೆ ಕಾಂಪೌಂಡಿನಾಚೆಯಿಂದ "ಊಟ ಆತಾ?" ಎನ್ನುತ್ತಾರೆ. ನಾನು "ಆಯಿತು, ತಮ್ಮದು?" ಎನ್ನುವಷ್ಟರಲ್ಲಿ ಒಳಗೆ ಹೋಗಿರುತ್ತಾರೆ. ಕಿರಿದಾದ ಅಂಗಳದ ಸದ್ಬಳಕೆಯ ಬಗ್ಗೆ ಯಾರಾದರೂ ಸಲಹೆ ಕೇಳಿದರೆ ಕೊಡಲು ನಾನು ಸಿದ್ಧಳಿದ್ದೇನೆ. ಇದುವರೆಗೆ ಯಾರೂ ಕೇಳಿಲ್ಲ!

ನಮ್ಮ ಸಂಸಾರದಲ್ಲಿ ಆದ ಬದಲಾವಣೆ ಇಷ್ಟೇ. ಮರುವಾರ ಅವರು ಕಾರ್ಖಾನೆಯಲ್ಲಿ ಕೇಳಿಕೊಂಡು ಮೊದಲನೇ ಪಾಳಿಗೆ ಬದಲಾದರು. ಈಗ ನಾಲ್ಕು ಗಂಟೆಗೆಲ್ಲ ಮನೆಗೆ ಬರುತ್ತಾರೆ. ಸಂಜೆಯ ಹೊತ್ತು ಮನೆಯಲ್ಲಿ ನಾವಿಬ್ಬರೂ ಇರುತ್ತೇವೆ. ಇಬ್ಬರಲ್ಲಿ ಒಬ್ಬರು ಗೊರಕೆ ಹೊಡೆಯುತ್ತಿರುತ್ತಾರೆ.