ಸ್ಟೂಲು ಏರಿದ ಈಳಿಗೆಮಣೆ

ಅರಸೀಕೆರೆಯ ಕಾಲೇಜು ಮೇಷ್ಟ್ರು ಶರತ್ಚಂದ್ರನ ಆ ದಿನದ ಪಾಡಿಗೆಲ್ಲ ಕಾರಣ ಒಂದು ಈಳಿಗೆಮಣೆ. ಗಂಡಸಿಯ ಜಾನಕಮ್ಮನ ಮನೆಯಲ್ಲಿ ಅದನ್ನು ಸ್ಟೂಲಿನ ಮೇಲಿಟ್ಟು ಮೊಳೆ ಹೊಡೆದಿದ್ದರು. ಮಂಡಿನೋವಿನ ಜಾನಕಮ್ಮ ಅದರ ಮೇಲೆ ಪಟ್ಟಕ್ಕೇರಿದ ರಾಣಿಯಂತೆ ಕೂತು, ಕಾಲು ಇಳಿಬಿಟ್ಟುಕೊಂಡು ಕಾಯಿ ತುರಿಯುತ್ತಿದ್ದರು.

ಶರತ್ಚಂದ್ರನ ಪಿಎಚ್‌ಡಿ ವಿಷಯವೇ ಅದು: ಹೊಸ ಉಪಾಯಗಳು ಹುಟ್ಟುವುದು ಕಾರ್ಖಾನೆಯಲ್ಲೋ, ಬಳಸುವವರ ತಲೆಯಲ್ಲೋ? ಅವನು ಕಳಿಸಿದ ಫೋಟೊ ನೋಡಿದ ಗೈಡ್ ಹೇಮಾಶ್ರೀ ಮೇಡಂ ಫೋನಿನಲ್ಲೇ ಕುಣಿದರು. "ಇದನ್ನ ಮೊದಲು ಮಾಡಿದವರು ಯಾರು ಅಂತ ಇವತ್ತೇ ಪತ್ತೆ ಹಚ್ಚಿ. ಸಿಕ್ಕಿದರೆ ನಿಮ್ಮ ಪ್ರಬಂಧ ಗೆದ್ದ ಹಾಗೆ!"

"ನಂದಲ್ಲ ಕಣಪ್ಪಾ. ಬಾಣಾವರದ ನಮ್ಮ ಬೀಗಿತ್ತಿ ಗಿಡ್ಡಮ್ಮನ ಮನೇಲಿ ನೋಡ್ಕಂಡ್ ಬಂದಿದ್ದು," ಎಂದರು ಜಾನಕಮ್ಮ.

ಅವರ ಗಂಡ ಜವರಯ್ಯ ಬಸ್ಸಿನವರೆಗೂ ಬೆನ್ನುಬಿದ್ದರು. "ಮೇಷ್ಟ್ರೇ, ನಾನು ಕೊಡೆಗೆ ಟಾರ್ಚ್ ಕಟ್ಟಿವ್ನಿ. ಅದ್ನೂ ಬರ್ಕಳಿ!"

ಬಾಣಾವರದಲ್ಲಿ ಗಿಡ್ಡಮ್ಮ ಬಿಡಲಿಲ್ಲ. "ಸುಮ್ಕೆ ನೋಡಿದ್ರೆ ಏನ್ ತಿಳೀತದೆ? ಕೂತ್ಕಂಡ್ ತುರೀರಿ." ಅಕ್ಕಪಕ್ಕದವರೆಲ್ಲ ನೆರೆದರು. "ಹಂಗಲ್ಲ, ಹಿಂಗೆ!" ಎಂದು ಒಬ್ಬೊಬ್ಬರು ಒಂದೊಂದು ಹೇಳುವಷ್ಟರಲ್ಲಿ ಶರತ್ಚಂದ್ರ ಹೆಬ್ಬೆರಳು ಕೊಯ್ದುಕೊಂಡ. ಬಟ್ಟೆ ಸುತ್ತಿದ ಮೇಲೆ ಬೆರಳು ಗುಂಡು ಬದನೆಕಾಯಿಯಂತಾಯಿತು.

"ಅರಸೀಕೆರೆ ಸ್ಟೇಷನ್ ಹಿಂದ್ಲ ಬೀದೀಲಿ ಒಬ್ರು ಅಜ್ಜಿ ಅವ್ರೆ. ಅವ್ರಿಂದ್ಲೇ ಶುರುವಾಗಿದ್ದು," ಎಂದರು ಗಿಡ್ಡಮ್ಮ.

ಬೀದಿಯವರು ತೋರಿಸಿದ ಮನೆ ಕಂಡು ಶರತ್ಚಂದ್ರ ತಬ್ಬಿಬ್ಬಾದ. ಹೊಸದಾಗಿ ಕೆಲಸಕ್ಕೆ ಸೇರಿದಾಗ ಅದರ ಮಹಡಿಯ ರೂಮಿನಲ್ಲೇ ಬಾಡಿಗೆಗಿದ್ದ! ಒಳಗೆ ಓನರ್ ರುದ್ರಮ್ಮ ಸ್ಟೂಲಿನ ಮೇಲೆ ಕೂತು ಕಾಯಿ ತುರಿಯುತ್ತಿದ್ದರು.

"ಅಮ್ಮಾ, ಇದನ್ನ ಮೊದಲು ಮಾಡಿದ್ದು ನೀವೇನಾ?"

"ನಾನಾ? ನೀನೇ ಕಣಯ್ಯ! ಮಣೆ ಅಲ್ಲಾಡ್ತೈತೆ, ಒಂದ್ ಮೊಳೆ ಹೊಡಿ ಅಂದ್ರೆ, ನೀನು ಸ್ಟೂಲ್ ಮೇಲಿಟ್ಟು ಗೇಣುದ್ದದ್ದು ಹೊಡ್ದೆ. ಎರಡೂ ಅಂಟ್ಕಂಡ್ವು. ಬೈತೀನಿ ಅಂತ ಹೆದ್ರಿ ಹೇಳ್ದೆ ಕೇಳ್ದೆ ರೂಮ್ ಬಿಟ್ ಓಡೋದೆ. ಕೀಳಕ್ಕಾಗ್ದೆ ನಾನ್ ಹಂಗೇ ಕೂತೆ ನೋಡು, ಮಂಡಿಗೆ ಎಂಥಾ ಸುಖ! ಊರೋರೆಲ್ಲ ನೋಡ್ಕಂಡೋದ್ರು."

ಮರೆತೇ ಹೋಗಿದ್ದ ಆ ಮೊಳೆ ನೆನಪಾಗಿ ಶರತ್ಚಂದ್ರ ಹಿಗ್ಗಿ ಹೀರೇಕಾಯಿಯಾದ. ತಕ್ಷಣ ಮೇಡಂಗೆ ಫೋನು ಹಚ್ಚಿ ಎಲ್ಲ ಹೇಳಿದ.

"ರೀ ಶರತ್ಚಂದ್ರ, ಹುಡುಕೋರೂ ನೀವೇ, ಸಿಕ್ಕೋರೂ ನೀವೇ ಅಂದ್ರೆ ಯಾರ್ರೀ ಒಪ್ತಾರೆ? ಇದನ್ನ ಬಿಡಿ. ಬೇರೆ ಯಾವುದಾದ್ರೂ ನೋಡಿ."

ಅವನ ಮುಖ ಬಾಡಿದ್ದು ಕಂಡು ರುದ್ರಮ್ಮ ಒಳಗೆ ಹೋಗಿ, ಕಾಲು ಸಡಿಲವಾದ ಕುರ್ಚಿಯನ್ನೂ ಸುತ್ತಿಗೆಯನ್ನೂ ತಂದು ಮುಂದಿಟ್ಟರು.

"ಅಳ್ಬೇಡ ಕಣಪ್ಪ. ಇದ್ನೂ ಒಸಿ ರಿಪೇರಿ ಮಾಡು. ಏನ್ ಹುಟ್ತದೋ ನೋಡಾಣ. ಆದ್ರೆ ಈ ಸಲ ಓಡೋಗ್ಬೇಡ."

ಶರತ್ಚಂದ್ರ ಅಂಗಿಯ ತೋಳು ಮಡಚಿ ಸುತ್ತಿಗೆ ಎತ್ತಿಕೊಂಡ.